ಹೋಗವ್ಳೆ, ಹೋಗ್ಯಾಳ: ಗೀತಾ ನಾಗಭೂಷಣರ ಗದ್ಯದ ಹಿನ್ನೆಲೆ

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ‘ಹೋಗವ್ಳೆ’ ಅನ್ನುವುದನ್ನು ಕಲಬುರಗಿಯಲ್ಲಿ ‘ಹೋಗ್ಯಾಳ’ ಅನ್ನುತ್ತಾರೆ. ಎರಡೂ ಊರಿನ ಶಾಲೆಗಳಲ್ಲಿ ಮಕ್ಕಳು ಬರೆಯಬೇಕಾದ್ದು ಮಾತ್ರ ‘ಹೋಗಿದ್ದಾಳೆ’. ಈ ಮೂರನೆಯ ರೂಪದ ಲೋಕದಲ್ಲಿ ಮೇಷ್ಟರಾಗಿ ದುಡಿಯುತ್ತ, ಎರಡನೆಯದನ್ನು ಕಾದಂಬರಿಗೆ ತಂದವರು ಗೀತಾ ನಾಗಭೂಷಣ.

ಅವರು ಹುಟ್ಟಿದ್ದು 1942ರ ಮಾರ್ಚ್ 25ರಂದು, ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ. ಅಪ್ಪ ಶಾಂತಪ್ಪ ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ. ಹಿಂದುಳಿದ ಜಾತಿ, ಅಕ್ಷರವಿಲ್ಲದ ಓಣಿ. ಅಂಥಲ್ಲಿ ಹೆಣ್ಣುಮಗಳೊಬ್ಬಳು ಓದುತ್ತೇನೆಂದರೆ ಅದೇ ಒಂದು ಹೋರಾಟ. ಮೊದಲು ಸರ್ಕಾರಿ ಕಚೇರಿಯಲ್ಲಿ ನೌಕರಿ, ಅದರ ನಡುವೆಯೇ ಪದವಿ, ಬಿ.ಎಡ್., ಎಂ.ಎ.; ಆಮೇಲೆ ಶಾಲೆ, ಕಾಲೇಜುಗಳಲ್ಲಿ ಪಾಠ. ತಿಂಗಳ ಸಂಬಳವಿದ್ದುದರಿಂದಲೇ ಅವರು ಯಾರ ಮುಲಾಜಿಗೂ ಬೀಳದೆ ಬರೆಯಲು ಸಾಧ್ಯವಾಯಿತೆಂದು ನನ್ನ ಊಹೆ. ನಮ್ಮ ವಿಮರ್ಶೆ ಲೇಖಕಿಯರ ಸಂಬಳದ ಬಗ್ಗೆ ಮಾತಾಡುವುದು ಕಡಿಮೆ.

ಬಂಡಾಯ ಸಾಹಿತ್ಯ ಸಂಘಟನೆ ಕಣ್ಣು ಬಿಟ್ಟದ್ದು 1979ರಲ್ಲಿ. ಗೀತಾ ಅದಕ್ಕೂ ಮೊದಲೇ ಬರೆಯತೊಡಗಿದ್ದರು. ‘ಬಂಡಾಯ ಲೇಖಕಿ’ ಎಂಬ ಹಣೆಪಟ್ಟಿ ಅವರಿಗೂ ಅಂಟಿತು, ನಿಜ. ಆದರೆ ಅವರ ಬಂಡಾಯವನ್ನು ಕಥಾವಸ್ತುವಿನಲ್ಲಷ್ಟೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಬಡವರ ಗೋಳನ್ನು ಶಿಷ್ಟ ಕನ್ನಡದಲ್ಲಿ ಬರೆದವರು ಬೇಕಾದಷ್ಟು ಜನರಿದ್ದಾರೆ. ಅಲ್ಲಿ ಬಡವರು ಅಳುತ್ತಾರೆ, ಮಾತಾಡುವವರು ಬೇರೆ. ಗೀತಾ ಅವರ ಹೆಂಗಸರು ಬೈಯುತ್ತಾರೆ, ಜಗಳ ಕಾಯುತ್ತಾರೆ, ನಗುತ್ತಾರೆ, ಅದೆಲ್ಲ ತಮ್ಮದೇ ಬಾಯಲ್ಲಿ.

ಕಥೆ ಯಾರ ಬಾಯಲ್ಲಿ ಬರಬೇಕೆಂಬ ಇದೇ ಪ್ರಶ್ನೆ ಅಮೆರಿಕದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ ಬೆನ್ನಿಗೂ ಬಿದ್ದಿತ್ತು. 1937ರಲ್ಲಿ ಅವರು ಫ್ಲಾರಿಡಾದ ಕಪ್ಪು ಜನರ ಆಡುನುಡಿಯಲ್ಲಿ ಕಾದಂಬರಿ ತಂದಾಗ, ಇದು ಬಿಳಿಯರನ್ನು ರಂಜಿಸುವ ಬರಹವೆಂದು ಜರೆದವರು ಬೇರೆ ಯಾರೂ ಅಲ್ಲ, ಕಪ್ಪು ಲೇಖಕ ರಿಚರ್ಡ್ ರೈಟ್. ಹರ್ಸ್ಟನ್ ಕೂಡ ಕಾಲೇಜುಗಳಲ್ಲಿ ಪಾಠ ಹೇಳಿದವರೇ. ಕೊನೆಗಾಲ ಬಡತನದಲ್ಲಿ ಕಳೆದು 1960ರಲ್ಲಿ ತೀರಿಕೊಂಡರು. ಗುರುತಿಲ್ಲದ ಅವರ ಸಮಾಧಿಯನ್ನು 1973ರಲ್ಲಿ ಹುಡುಕಿ ಕಲ್ಲು ನೆಡಿಸಿದ್ದು ಲೇಖಕಿ ಆಲಿಸ್ ವಾಕರ್. ಜಾತಿಯನ್ನೂ ಬಣ್ಣವನ್ನೂ ಒಂದೇ ತಕ್ಕಡಿಗೆ ಹಾಕುವ ಉಮೇದು ನನಗಿಲ್ಲ. ಹರ್ಸ್ಟನ್ ಮಾನವಶಾಸ್ತ್ರ ಓದಿ, ಊರೂರು ತಿರುಗಿ ಜನಪದ ಕಥೆ ಸಂಗ್ರಹಿಸಿದವರು. ಮಿಲ್ಲಿನ ಕಾರ್ಮಿಕನ ಮಗಳಿಗೆ ಆ ತಿರುಗಾಟ ಬೇಕಿರಲಿಲ್ಲ.

ಮಂಡ್ಯ ಸೀಮೆಯ ಓದುಗರಿಗೆ ಆಡುನುಡಿಯ ಗದ್ಯವೇನೂ ಹೊಸದಲ್ಲ. ಇದೇ ಮದ್ದೂರು ತಾಲ್ಲೂಕಿನ ಡಾ. ಬೆಸಗರಹಳ್ಳಿ ರಾಮಣ್ಣ ಇಲ್ಲಿನ ಮಾತನ್ನು ಸಣ್ಣಕಥೆಗೆ ತಂದು ಮೆಚ್ಚುಗೆ ಪಡೆದರು. ಆದರೆ ಅದೇ ಒರಟು ಮಾತು ಗಂಡಸಿನ ಲೇಖನಿಯಲ್ಲಿ ‘ಮಣ್ಣಿನ ವಾಸನೆ’ ಅನ್ನಿಸಿಕೊಂಡು, ಹೆಂಗಸಿನ ಲೇಖನಿಯಲ್ಲಿ ‘ಹಸಿ’ ಅನ್ನಿಸಿಕೊಳ್ಳುವುದುಂಟು. ತಮ್ಮ ಕಾದಂಬರಿಯೊಂದಕ್ಕೆ ಗೀತಾ ‘ಹಸಿಮಾಂಸ ಮತ್ತು ಹದ್ದುಗಳು’ ಎಂದೇ ಹೆಸರಿಟ್ಟರು. ಅದು ಮುಂದೆ ಸಿನಿಮಾ ಕೂಡ ಆಯಿತು.

ಮನ್ನಣೆ ಬಂದದ್ದು ತಡವಾಗಿ. ಕನ್ನಡಕ್ಕೆ ಮೊದಲ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಲ್ಲಿ ಕುವೆಂಪು ಅವರಿಗೆ ಸಂದಿತು. ಕನ್ನಡದ ಒಬ್ಬ ಲೇಖಕಿಗೆ ಅದು ಸಿಗಲು 2004ರವರೆಗೆ ಕಾಯಬೇಕಾಯಿತು: ‘ಬದುಕು’ ಕಾದಂಬರಿಗೆ, ಗೀತಾ ಅವರಿಗೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಇವರನ್ನೆಲ್ಲ ದಾಟಿ ಬಂದ 49 ವರ್ಷ ಅದು. ಕನ್ನಡ ಸಾಹಿತ್ಯ ಸಮ್ಮೇಳನಗಳ ಲೆಕ್ಕವೂ ಹೆಚ್ಚು ಬೇರೆಯಲ್ಲ. ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿ ಮಹಿಳೆ ಕೂತದ್ದು 1974ರಲ್ಲಿ, ನಮ್ಮ ಮಂಡ್ಯದಲ್ಲೇ; ಅವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ. 2010ರ ಗದಗ ಸಮ್ಮೇಳನಕ್ಕೆ ಗೀತಾ ನಾಲ್ಕನೆಯವರು.

2020ರ ಜೂನ್ 28ರಂದು ಅವರು ತೀರಿಕೊಂಡರು. ‘ಬದುಕು’ ಕೈಗೆತ್ತಿಕೊಳ್ಳುವ ಕೊಪ್ಪದ ಓದುಗರು ಮೊದಲ ಪುಟಗಳಲ್ಲಿ ಅಲ್ಲಲ್ಲಿ ತಡವರಿಸಬಹುದು. ‘ಅವ್ವ’ ಎಂಬಲ್ಲಿ ಮಾತ್ರ ತಡವರಿಸುವುದಿಲ್ಲ. ಅದು ಎರಡೂ ಕಡೆ ಒಂದೇ.