ಮಾದರಿ ಹೆಲಿಕಾಪ್ಟರ್‌ನ ಬೇರಿಂಗ್ ಬದಲಾವಣೆ

ರೇಡಿಯೋ ನಿಯಂತ್ರಿತ ಮಾದರಿ ಹೆಲಿಕಾಪ್ಟರ್‌ನ ತಿರುಗುವ ಭಾಗಗಳಿಗೆ ಆಧಾರವಾಗಿರುವ ಬೇರಿಂಗ್‌ಗಳು ಸವೆದಾಗ ಅವನ್ನು ಹೊರತೆಗೆದು ಹೊಸದನ್ನು ಕೂರಿಸುವ ಕಾರ್ಯವನ್ನು ಬೇರಿಂಗ್ ಬದಲಾವಣೆ ಎನ್ನುತ್ತಾರೆ. ಬೇರಿಂಗ್ ಅಲ್ಪಬೆಲೆಯ ವಸ್ತು. ಆದರೆ ರೋಟರ್‌ನ ಹಿಡಿಕೆಯೊಳಗಿನದು ಹಾರಾಟದ ನಡುವೆ ಒಡೆದರೆ ಅಲಗು ಕಳಚಿ ಹಾರಬಹುದು. ಗಾತ್ರದಲ್ಲಿ ಆಟಿಕೆಯಂತೆ ಕಂಡರೂ ಈ ಯಂತ್ರವನ್ನು ಆಟಿಕೆಯೆಂದು ಭಾವಿಸಲಾಗದು.

ರಚನೆ ಮತ್ತು ಬಗೆಗಳು

ಬಾಲ್ ಬೇರಿಂಗ್‌ನಲ್ಲಿ ಒಳ ಉಂಗುರ, ಹೊರ ಉಂಗುರ, ಇವೆರಡರ ನಡುವೆ ಉರುಳುವ ಉಕ್ಕಿನ ಗುಂಡುಗಳು ಹಾಗೂ ಗುಂಡುಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಪಂಜರ ಇರುತ್ತವೆ. ಅಳತೆಯನ್ನು ಸಂಕೇತದಿಂದ ಸೂಚಿಸುತ್ತಾರೆ: ಎಂಆರ್115 ಎಂದರೆ ಒಳವ್ಯಾಸ 5 ಮಿ.ಮೀ., ಹೊರವ್ಯಾಸ 11 ಮಿ.ಮೀ. ಕೊನೆಯಲ್ಲಿ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ ಇದೆ ಎಂದರ್ಥ.

ಮುಖ್ಯ ದಂಡ, ಬಾಲದ ದಂಡ ಮತ್ತು ಮೋಟಾರುಗಳಲ್ಲಿ ಈ ಸಾಮಾನ್ಯ ಬಗೆಯೇ ಇರುತ್ತದೆ. ಮುಖ್ಯ ಗಿಯರ್‌ನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಏಕಮುಖ ಬೇರಿಂಗ್ ಇರುವುದುಂಟು. ಮೋಟಾರು ನಿಂತರೂ ರೋಟರ್ ತಿರುಗುತ್ತಲೇ ಇದ್ದು ಯಂತ್ರ ಸುರಕ್ಷಿತವಾಗಿ ಇಳಿಯಲು ಅದು ನೆರವಾಗುತ್ತದೆ. ಅಲಗಿನ ಹಿಡಿಕೆಯೊಳಗೆ ಸಾಮಾನ್ಯ ಬೇರಿಂಗ್‌ಗಳ ಜೊತೆಗೆ ಥ್ರಸ್ಟ್ ಬೇರಿಂಗ್ ಇರುತ್ತದೆ. ಅಲಗನ್ನು ಹೊರಕ್ಕೆ ಸೆಳೆಯುವ ಬಲವನ್ನು ತಾಳುವುದು ಇದರ ಕೆಲಸ. 35 ಗ್ರಾಂ ತೂಕದ ಅಲಗಿನ ಗುರುತ್ವಕೇಂದ್ರ ದಂಡದಿಂದ 20 ಸೆಂ.ಮೀ. ದೂರದಲ್ಲಿದ್ದು, ರೋಟರ್ ನಿಮಿಷಕ್ಕೆ 2800 ಸುತ್ತು ತಿರುಗುತ್ತಿದ್ದರೆ ಕೇಂದ್ರಾಪಗಾಮಿ ಬಲ ಸುಮಾರು 600 ನ್ಯೂಟನ್ ಆಗುತ್ತದೆ. ಅಂದರೆ ಒಬ್ಬ ವಯಸ್ಕ ಮನುಷ್ಯ ಅಲಗಿಗೆ ಜೋತುಬಿದ್ದಷ್ಟು ಭಾರ!

ಸವೆತದ ಲಕ್ಷಣಗಳು

ಬಿಡಿಸಿದ ದಂಡವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿದಾಗ ಮರಳು ಸಿಕ್ಕಿದಂತೆ ಕರಕರ ಎಂದರೆ, ಅಕ್ಕಪಕ್ಕಕ್ಕೆ ಅಲುಗಾಡಿದರೆ ಅಥವಾ ಮುಚ್ಚಳದ ಅಂಚಿನಲ್ಲಿ ತುಕ್ಕಿನ ಬಣ್ಣದ ಪುಡಿ ಕಂಡರೆ ಬೇರಿಂಗ್ ಸವೆದಿದೆ ಎಂದು ತಿಳಿಯಬೇಕು. ಬಾಲವು ಕಾರಣವಿಲ್ಲದೆ ಅದುರುವುದಕ್ಕೂ ಇದೇ ಮೂಲವಾಗಿರಬಹುದು, ಏಕೆಂದರೆ ಕಂಪನವು ಗೈರೋ ಸಂವೇದಕವನ್ನು ತಪ್ಪುದಾರಿಗೆ ಎಳೆಯುತ್ತದೆ. ನೆಲಕ್ಕಪ್ಪಳಿಸಿದ ಯಂತ್ರದ ಬೇರಿಂಗ್‌ಗಳನ್ನು, ಹೊರನೋಟಕ್ಕೆ ಸರಿಯಾಗಿದ್ದರೂ, ಒಂದೊಂದಾಗಿ ಪರೀಕ್ಷಿಸಬೇಕು.

ಹೊರತೆಗೆಯುವ ಕ್ರಮ

ಮೊದಲು ಬ್ಯಾಟರಿಯನ್ನೂ ಅಲಗುಗಳನ್ನೂ ಕಳಚಿಡಬೇಕು. ತಿರುಪುಗಳಿಗೆ ಬಿಗಿ ಅಂಟು ಹಾಕಿದ್ದರೆ ಅವುಗಳ ತಲೆಗೆ ಬೆಸುಗೆ ಕಡ್ಡಿಯ ಬಿಸಿ ತಾಗಿಸಿದಾಗ ಅಂಟು ಮೆತ್ತಗಾಗುತ್ತದೆ. ಬಲ ಹಾಕಿ ತಿರುಪಿನ ತಲೆ ಕೆಡಿಸಿಕೊಂಡರೆ ಅರ್ಧ ಗಂಟೆಯ ಕೆಲಸ ಅರ್ಧ ದಿನ ಹಿಡಿಯುತ್ತದೆ.

ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದಕಾರಣ ಬೇರಿಂಗ್ ಕೂತಿರುವ ಅಲ್ಯೂಮಿನಿಯಂ ಗೂಡನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಅನೇಕ ವೇಳೆ ಬೇರಿಂಗ್ ತಾನಾಗಿಯೇ ಜಾರಿ ಬೀಳುತ್ತದೆ. ಪ್ಲಾಸ್ಟಿಕ್ ಗೂಡಿಗೆ ಈ ಉಪಾಯ ಸಲ್ಲದು. ಒಳ ಉಂಗುರವನ್ನು ತಳ್ಳಿ ಹೊರತೆಗೆದ ಬೇರಿಂಗನ್ನು ಮರಳಿ ಬಳಸಬಾರದು, ಏಕೆಂದರೆ ತಳ್ಳಿದ ಬಲವೆಲ್ಲ ಗುಂಡುಗಳ ಮೂಲಕವೇ ಹಾದು ಉಂಗುರದ ಜಾಡಿನಲ್ಲಿ ಸಣ್ಣ ಗುಳಿಗಳನ್ನು ಮೂಡಿಸಿರುತ್ತದೆ.

ಹೊಸದನ್ನು ಕೂರಿಸುವುದು

ಕೂರಿಸುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ: ಗೂಡಿನೊಳಗೆ ಒತ್ತುವಾಗ ಹೊರ ಉಂಗುರದ ಮೇಲೆ, ದಂಡದ ಮೇಲೆ ಒತ್ತುವಾಗ ಒಳ ಉಂಗುರದ ಮೇಲೆ ಮಾತ್ರ ಬಲ ಬೀಳಬೇಕು. ಸರಿಯಾದ ಅಳತೆಯ ಕೊಳವೆಯ ತುಂಡೊಂದು ಇದಕ್ಕೆ ಸಾಕು. ಬೇರಿಂಗ್ ಓರೆಯಾದರೆ ಹೊಡೆದು ನೇರಗೊಳಿಸದೆ, ತೆಗೆದು ಮತ್ತೆ ಆರಂಭಿಸಬೇಕು.

ಥ್ರಸ್ಟ್ ಬೇರಿಂಗ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಅದರ ಎರಡು ಬಿಲ್ಲೆಗಳು ಒಂದೇ ರೀತಿ ಕಂಡರೂ ರಂಧ್ರಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ದಂಡಕ್ಕೆ ಪೋಣಿಸಿ ನೋಡಿದರೆ ಒಂದು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಕೂರುತ್ತದೆ. ಸಡಿಲವಾದದ್ದು ರೋಟರ್‌ನ ನಡುಭಾಗದ ಕಡೆಗೂ, ಬಿಗಿಯಾದದ್ದು ಹೊರಗೆ ತಿರುಪಿನ ಕಡೆಗೂ ಇರಬೇಕು. ನಡುವೆ ಗುಂಡುಗಳ ಪಂಜರಕ್ಕೆ ಧಾರಾಳವಾಗಿ ಗ್ರೀಸ್ ಹಚ್ಚಬೇಕು. ತಿರುವುಮುರುವಾದರೆ ಹಿಡಿಕೆ ಭಾರದಲ್ಲಿ ಸರಾಗವಾಗಿ ಹೊರಳದೆ, ಬೇರಿಂಗ್ ಬೇಗ ನಾಶವಾಗುತ್ತದೆ. ಕೊನೆಯ ತಿರುಪನ್ನು ಜಿಡ್ಡಿಲ್ಲದಂತೆ ಒರೆಸಿ, ಹೊಸ ಬಿಗಿ ಅಂಟು ಹಚ್ಚಿ ಬಿಗಿಯಬೇಕು. ಅಂಟಿನ ಹನಿ ಬೇರಿಂಗ್‌ನೊಳಗೆ ಇಳಿಯಬಾರದು.

ಜೋಡಣೆಯ ಬಳಿಕ ಮೊದಲ ಪರೀಕ್ಷೆಯನ್ನು ಬಯಲಿನಲ್ಲಿ, ಕಡಿಮೆ ವೇಗದಲ್ಲಿ ನಡೆಸುತ್ತಾರೆ. ರೋಟರ್ ತಿರುಗುವ ಸಮತಲದಲ್ಲಿ ಯಾರೂ ನಿಂತಿರಬಾರದು. ಕೆಲವು ಹಾರಾಟಗಳ ನಂತರ ಹಿಡಿಕೆಗಳನ್ನು ಮತ್ತೆ ಅಲುಗಾಡಿಸಿ ನೋಡುವುದು ವಾಡಿಕೆ.