ಕಟ್ಟೆಯಿಂದ ಕ್ರಿಯಾಯೋಜನೆಗೆ: ಕರ್ನಾಟಕದಲ್ಲಿ ಗ್ರಾಮಸಮಾಲೋಚನೆಯ ಚರಿತ್ರೆ

‘ಕ್ರಿಯಾಯೋಜನೆ’ ಎಂಬುದು ಕಚೇರಿಯ ಪದ. ಅದು ಗ್ರಾಮ ಪಂಚಾಯಿತಿಯ ಕಡತಕ್ಕೆ ಬರುವುದಕ್ಕೆ ಬಹಳ ಹಿಂದೆಯೇ ಊರಿನ ಮುಂದಿನ ಕೆಲಸವನ್ನು ಊರವರೇ ಕುಳಿತು ನಿರ್ಧರಿಸುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಇದ್ದಿತು. ಊರಹಬ್ಬಕ್ಕೆ ದಿನ ಗೊತ್ತುಮಾಡುವುದು, ಮಳೆ ತಡವಾದ ವರ್ಷ ಗುರ್ಜಿ ಹೊರಿಸುವುದು, ಕೆರೆಯ ಹೂಳೆತ್ತುವುದು, ಕಾಲುವೆಯ ಕಸ ತೆಗೆಯುವುದು ಮುಂತಾದ ಕಾರ್ಯಗಳಿಗೆ ಮನೆಗಿಷ್ಟು, ನೇಗಿಲಿಗಿಷ್ಟು ಎಂದು ವಂತಿಗೆ ಎತ್ತಲಾಗುತ್ತಿತ್ತು. ಹಣ ಕೊಡಲಾರದವರು ಆಳು ಕೊಡುತ್ತಿದ್ದರು. ಲೆಕ್ಕ ಬರೆದಿಡುವ ರೂಢಿ ಕಡಿಮೆ, ನೆನಪೇ ದಾಖಲೆ.

ಈ ಕಟ್ಟೆಯನ್ನು ಆದರ್ಶದ ಬೆಳಕಿನಲ್ಲಿ ಮಾತ್ರ ನೋಡುವುದು ಜಾನಪದ ಅಧ್ಯಯನದ ಹಳೆಯ ದೌರ್ಬಲ್ಯಗಳಲ್ಲೊಂದು. ಸಭೆಯನ್ನು ಸಾರಲು ಡಂಗುರ ಹೊಡೆಯುತ್ತಿದ್ದವನು ತೋಟಿ ಅಥವಾ ತಳವಾರ. ಊರಿನ ಪ್ರತಿ ಬೀದಿಯಲ್ಲೂ ಅವನ ದನಿ ಕೇಳಬೇಕಿತ್ತು, ಆದರೆ ಅವನು ಸಾರಿದ ಸಭೆಯಲ್ಲಿ ಅವನಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡದ್ದೇ ಅವರ ಭಾಗವಹಿಸುವಿಕೆ. ‘ಊರು ಸೇರಿತು’ ಎಂಬ ಮಾತಿನಲ್ಲಿ ಊರು ಎಂದರೆ ಯಾರು ಎಂಬ ಪ್ರಶ್ನೆ ಅಂದೂ ಇತ್ತು, ಮುಂದೆ ಸರ್ಕಾರವೇ ಸಭೆ ಕರೆದಾಗಲೂ ಉಳಿಯಿತು.

‘ಕೆರೆಗೆ ಹಾರ’ ಕಥನಗೀತೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದಾಗಿದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಹೊತ್ತಿಗೆ ತೆರೆಸಿ ಕೇಳುತ್ತಾನೆ. ಮನೆಯ ಕಿರಿಸೊಸೆ ಭಾಗೀರತಿ ಕೆರೆಗೆ ಬಲಿಯಾಗಬೇಕೆಂದು ತೀರ್ಮಾನವಾಗುತ್ತದೆ. ಕೆರೆ ಎಲ್ಲರಿಗೂ ಬೇಕಾದದ್ದು. ನಿರ್ಧಾರ ಮಾಡುವವರು ಕೆಲವರು, ಬೆಲೆ ತೆರುವವಳು ಒಬ್ಬಳು. ಆಕೆಯನ್ನು ಯಾರೂ ಕೇಳುವುದಿಲ್ಲ. ತ್ಯಾಗದ ಕಥನವೆಂದೇ ಬಹುಕಾಲ ವ್ಯಾಖ್ಯಾನಗೊಂಡ ಈ ಗೀತೆಯನ್ನು, ಸಮಾಲೋಚನೆಯೇ ನಡೆಯದ ಒಂದು ಊರಕೆಲಸದ ವೃತ್ತಾಂತವೆಂದೂ ಹೇಳಲು ಅಡ್ಡಿಯಿಲ್ಲ.

ಕೆರೆಯ ವಿಷಯದಲ್ಲಿ ಊರಿನ ಜ್ಞಾನ ಯಾರಲ್ಲಿತ್ತು ಎಂಬುದಕ್ಕೆ ನೀರುಗಂಟಿಯ ಉದಾಹರಣೆ ಸಾಕು. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಸರದಿ, ಕೋಡಿ ಬಿದ್ದರೆ ನೀರು ಎತ್ತ ಹರಿಯುತ್ತದೆ ಎಂಬುದು ಅವನಿಗೆ ಬಾಯಿಪಾಠ. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯಿದೆ ಗ್ರಾಮಸೇವೆಯ ಹುದ್ದೆಗಳನ್ನು ವ್ಯವಸ್ಥೆಗೆ ಒಳಪಡಿಸಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಗೆ ಕಟ್ಟುಬಿದ್ದ ಬಿಟ್ಟಿ ಚಾಕರಿಯಿಂದ ಬಿಡುಗಡೆ ದೊರೆತದ್ದು ನ್ಯಾಯವೇ. ಆದರೆ ಹುದ್ದೆಯೊಡನೆ ಅದರ ತಿಳಿವಳಿಕೆಗೂ ಸ್ಥಾನವಿಲ್ಲದಂತಾಯಿತು. ಕೆರೆ ಇಲಾಖೆಯ ಆಸ್ತಿಯಾಯಿತು, ನೀರುಗಂಟಿ ಕೂಲಿಯವನಾದನು.

ಸ್ವಾತಂತ್ರ್ಯಾನಂತರ ಹಳ್ಳಿಗರನ್ನು ಕೇಳಿ ಯೋಜನೆ ಮಾಡಬೇಕೆಂಬ ಮಾತು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಿಂದಲೇ ಕೇಳಿಬಂದಿತು. ಗ್ರಾಮಸೇವಕರು ಹಳ್ಳಿಗೆ ಬಂದರು, ಶ್ರಮದಾನ ನಡೆಯಿತು; ಕಾರ್ಯಕ್ರಮದ ಪಟ್ಟಿ ಮಾತ್ರ ಮೇಲಿನಿಂದಲೇ ಇಳಿಯಿತು. ಜನರ ಉತ್ಸಾಹವನ್ನು ಈ ಕಾರ್ಯಕ್ರಮ ಹುಟ್ಟಿಸಲಾಗಲಿಲ್ಲವೆಂಬ ನಿಲುವಿಗೆ ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಬಂದದ್ದು ಸುಪರಿಚಿತ. ಮೈಸೂರು ರಾಜ್ಯದ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಅದರ ಮುಂದುವರಿಕೆ.

ನಿಜವಾದ ತಿರುವು 1983ರ ಕಾಯಿದೆಯದು. ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ, ನ್ಯಾಯ ಪಂಚಾಯಿತಿಗಳನ್ನು ಒಳಗೊಂಡ ಈ ಕಾಯಿದೆಯ ಹಿಂದಿನ ಮುಖ್ಯ ಪ್ರೇರಣೆ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಜನರ ಬಾಯಲ್ಲಿ ನೆಲೆನಿಂತವರು ಅವರು. ಸಚಿವರೊಬ್ಬರಿಗೆ ಜನರೇ ಇಟ್ಟ ಹೆಸರು ಬಿರುದಾಗಿ ಉಳಿದ ಅಪರೂಪದ ಪ್ರಸಂಗವದು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ವರ್ಷಕ್ಕೆರಡು ಬಾರಿ ಗ್ರಾಮಸಭೆ ಸೇರಬೇಕೆಂಬ ವಿಧಿಯೂ ಬಂದಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು. ಐದು ವರ್ಷಗಳ ಅಭ್ಯಾಸ ಅರ್ಧಕ್ಕೆ ನಿಂತಿತು.

ಇದೇ ಕಾಲದಲ್ಲಿ, ಶಾಸನದ ಹೊರಗೆ, ಹಳ್ಳಿಗರನ್ನು ಕೇಳುವ ಬೇರೊಂದು ವಿಧಾನ ಕರ್ನಾಟಕದಲ್ಲಿ ರೂಪುಗೊಳ್ಳುತ್ತಿತ್ತು. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲಿ ಗ್ರಾಮಾಭಿವೃದ್ಧಿಯ ‘ಪ್ರವಾಸಿ’ಗಳ ದೋಷಗಳನ್ನು ಪಟ್ಟಿಮಾಡಿದ್ದರು: ಅವರು ಡಾಂಬರು ರಸ್ತೆ ಬಿಟ್ಟು ಒಳಗೆ ಹೋಗುವುದಿಲ್ಲ, ಮಳೆಗಾಲದಲ್ಲಿ ಬರುವುದಿಲ್ಲ, ಗೌಡರನ್ನೂ ಮುಂದಾಳುಗಳನ್ನೂ ಮಾತ್ರ ಕಾಣುತ್ತಾರೆ. 1989ರಿಂದ 1991ರವರೆಗೆ ಅವರು ಭಾರತದಲ್ಲಿದ್ದಾಗ, ಬೆಂಗಳೂರಿನಲ್ಲಿ ನೆಲೆಯಿದ್ದ ಮೈರಾಡ ಸಂಸ್ಥೆಯ ಕಾರ್ಯಕರ್ತರು ಕ್ಷೇತ್ರದಲ್ಲಿ ಇದರ ಪ್ರಯೋಗ ನಡೆಸುತ್ತಿದ್ದರು. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ್ದ ಈ ಸಂಸ್ಥೆ ಅಷ್ಟರಲ್ಲಿ ಗ್ರಾಮಾಭಿವೃದ್ಧಿಯತ್ತ ಹೊರಳಿತ್ತು. ‘ಸಹಭಾಗಿ ಗ್ರಾಮೀಣ ಸಮೀಕ್ಷೆ’ ಎಂದು ಕನ್ನಡದಲ್ಲಿ ಕರೆಯಲಾದ, ಪಿ.ಆರ್.ಎ. ಎಂದೇ ಬಳಕೆಯಲ್ಲಿ ಉಳಿದ ವಿಧಾನವಿದು.

ಜಾನಪದ ವಿದ್ವಾಂಸರು ಇದರತ್ತ ಅಷ್ಟಾಗಿ ಗಮನ ಕೊಡದಿರುವುದು ಆಶ್ಚರ್ಯ. ಏಕೆಂದರೆ ಅದರ ಸಲಕರಣೆಗಳೆಲ್ಲ ಅಂಗಳದವು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕಾಶೆ ಬಿಡಿಸುವುದು, ಮನೆಗೊಂದು ಕಲ್ಲು, ಬಾವಿಗೊಂದು ಎಲೆ, ಬೆಳೆಗೆ ಕಾಳು ಇಡುವುದು, ಕಷ್ಟದ ತಿಂಗಳಿಗೆ ಹೆಚ್ಚು ಹುಣಸೆಬೀಜ ಸುರಿಯುವುದು. ಓದುಬರಹವಿಲ್ಲದವರೂ ಬಾಗಿ ಒಂದು ಕಲ್ಲನ್ನು ಸರಿಸಿ ‘ಇದು ಇಲ್ಲಲ್ಲ, ಅಲ್ಲಿ’ ಎನ್ನಬಹುದಿತ್ತು. ಗಂಡಸರ ನಕಾಶೆಗೂ ಹೆಂಗಸರ ನಕಾಶೆಗೂ ವ್ಯತ್ಯಾಸ ಕಾಣುತ್ತಿತ್ತು. ಒಂದರಲ್ಲಿ ರಸ್ತೆ, ಗುಡಿ, ಹೊಲದ ಬದು ಎದ್ದುಕಂಡರೆ, ಇನ್ನೊಂದರಲ್ಲಿ ನೀರು ಸೇದುವ ಜಾಗ, ಸೌದೆಯ ದಾರಿ, ತಿಪ್ಪೆ. ನಿತ್ಯ ಬೆಳಗ್ಗೆ ಚುಕ್ಕಿ ಎಣಿಸಿ ಗೆರೆ ಎಳೆಯುವ ಕೈಗಳೇ ಊರಿನಲ್ಲಿದ್ದರೂ ಮೊದಲ ಸೀಮೆಸುಣ್ಣ ಗಂಡಸರ ಕೈಗೆ ಹೋಗುವುದು ಸಾಮಾನ್ಯವಾಗಿತ್ತು ಎಂಬುದನ್ನೂ ಹೇಳಲೇಬೇಕು.

ಋತುಮಾನದ ಪಟ್ಟಿ ಇನ್ನೂ ಸೂಕ್ಷ್ಮವಾದ ವಿಷಯ. ರೈತನ ಕಾಲಗಣನೆ ಜನವರಿ–ಫೆಬ್ರವರಿಯದಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರಗಳಲ್ಲಿ ಅವನು ವರ್ಷವನ್ನು ಅಳೆಯುತ್ತಾನೆ. ಬದು ಹಾಕುವ ಕೆಲಸ ಮುಂಗಾರಿಗೆ ಮೊದಲು ಮುಗಿಯಬೇಕೆಂಬುದು ಅವನ ಪಟ್ಟಿಯಲ್ಲಿ ಬೀಜಗಳ ಸಾಲಿನಲ್ಲೇ ಕಾಣುತ್ತದೆ. ಕಚೇರಿಯ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿ ಮಾರ್ಚ್‌ನಲ್ಲಿ ಸಾಯುತ್ತದೆ. ಅನುಮೋದನೆ, ಅಂದಾಜು ಪಟ್ಟಿ, ಹಣ ಬಿಡುಗಡೆ ಎಂದು ಕಡತ ಸುತ್ತಿ ಬರುವಾಗ ಆರಿದ್ರ ಸುರಿದು ಮಣ್ಣು ಕೊಚ್ಚಿಹೋಗಿದ್ದರೆ, ಅದನ್ನು ಜನರ ನಿರುತ್ಸಾಹವೆಂದು ಬರೆಯುವುದು ತಪ್ಪಾಗುತ್ತದೆ.

ಈ ವಿಧಾನ ಸರ್ಕಾರಿ ಯೋಜನೆಗಳ ಒಳಗೆ ಬಂದದ್ದು 2000ದ ನಂತರ. ವಿಶ್ವಬ್ಯಾಂಕಿನ ನೆರವಿನ ‘ಸುಜಲ’ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಇಲ್ಲಿ ಊರ ನಕಾಶೆಯೊಂದಿಗೇ ನಿಲ್ಲದೆ, ರೈತನ ಜೊತೆ ಅವನ ಸರ್ವೆ ನಂಬರಿನಲ್ಲಿ ನಡೆದು ಎಲ್ಲಿ ಬದು, ಎಲ್ಲಿ ಕೃಷಿಹೊಂಡ, ಎಲ್ಲಿ ಗಿಡ ಎಂದು ಅಲ್ಲೇ ಬರೆದುಕೊಳ್ಳುವ ಕ್ರಮವಿತ್ತು. ಹೊಲವುಳ್ಳವನಿಗೆ ಇದು ಒಳ್ಳೆಯದೇ. ಹೊಲವಿಲ್ಲದವರಿಗಾಗಿ ಸ್ವಸಹಾಯ ಗುಂಪುಗಳ ಮೂಲಕ ಆದಾಯದ ಕೆಲಸಗಳನ್ನು ಜೋಡಿಸಬೇಕಾಯಿತು. ಜಲಸಂವರ್ಧನೆ ಯೋಜನಾ ಸಂಘದ ಕೆರೆ ಅಭಿವೃದ್ಧಿ ಕಾರ್ಯದಲ್ಲಿ ಕೆರೆ ಬಳಕೆದಾರರ ಸಂಘಗಳೇ ಯೋಜನೆ ಸಿದ್ಧಪಡಿಸಬೇಕಿತ್ತು. ನೀರುಗಂಟಿಯ ಹಳೆಯ ತಿಳಿವಳಿಕೆಗೆ ಮತ್ತೆ ಬೆಲೆ ಬರಬಹುದಾಗಿದ್ದ ಸಂದರ್ಭವದು. ಆದರೆ ‘ಬಳಕೆದಾರ’ ಯಾರು? ಅಚ್ಚುಕಟ್ಟಿನ ಗದ್ದೆಯವನೊಬ್ಬನೇ ಅಥವಾ ಬಟ್ಟೆ ಒಗೆಯುವವಳು, ಮೀನು ಹಿಡಿಯುವವನು, ಕುರಿಗೆ ನೀರು ಕುಡಿಸುವವನು, ಕೆರೆಯ ಮಣ್ಣಿನಿಂದ ಮಡಕೆ ಮಾಡುವವನೂ ಸೇರಿಯೇ? ಹೂಳೆತ್ತಿದ ಗೋಡು ಯಾರ ಹೊಲಕ್ಕೆ ಮೊದಲು ಹೋಗಬೇಕೆಂಬಲ್ಲಿಯೇ ಈ ಪ್ರಶ್ನೆ ಜಗಳವಾಗುತ್ತದೆ.

ಶಾಸನದ ದಾರಿ ಈ ನಡುವೆ ಸಂವಿಧಾನದ 73ನೆಯ ತಿದ್ದುಪಡಿಯಿಂದ ಭದ್ರವಾಗಿತ್ತು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಗೆ 2003ರ ತಿದ್ದುಪಡಿಯಲ್ಲಿ ವಾರ್ಡ್ ಸಭೆ ಸೇರಿತು. ದೂರದ ಸಭೆಗೆ ಹೋಗಲಾರದ ಕೇರಿಯವರಿಗೆ ಹತ್ತಿರದ ಸಭೆ ಸಿಕ್ಕಿದ್ದರಿಂದ ಇದು ಸಣ್ಣ ಬದಲಾವಣೆಯಲ್ಲ. ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ತೆರೆಯುವ ಕ್ರಮಕ್ಕೆ ಹಳೆಯ ಕಂದಾಯ ಆಡಳಿತದ ‘ಜಮಾಬಂದಿ’ ಎಂಬ ಹೆಸರನ್ನೇ ಇಟ್ಟದ್ದು ಭಾಷಾಚರಿತ್ರೆಯ ಒಂದು ವಿನೋದ; ದೊರೆ ರೈತನಿಂದ ಲೆಕ್ಕ ಕೇಳುತ್ತಿದ್ದ ಪದದಲ್ಲಿ ಈಗ ರೈತ ಲೆಕ್ಕ ಕೇಳಬೇಕು. ಮಕ್ಕಳ ಗ್ರಾಮಸಭೆಗಳೂ ನಡೆದವು. ಕರಾವಳಿ, ಮಲೆನಾಡಿನ ಕಡೆ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳಿಗೆ ಕಾಲುಸಂಕದ ಅಗತ್ಯ ಎಷ್ಟೆಂಬುದು, ಮಳೆಗಾಲದಲ್ಲಿ ಆ ಹಳ್ಳ ದಾಟದ ದೊಡ್ಡವರ ಪಟ್ಟಿಯಲ್ಲಿ ಬರುವುದು ಕಷ್ಟ.

14ನೆಯ ಹಣಕಾಸು ಆಯೋಗದ ಅನುದಾನ ನೇರವಾಗಿ ಗ್ರಾಮ ಪಂಚಾಯಿತಿಗಳಿಗೆ ಬರತೊಡಗಿದ 2015ರಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ಅಭಿವೃದ್ಧಿ ಯೋಜನೆಗಳು ಸಿದ್ಧವಾದವು. ನಮೂನೆಗಳು ಅಚ್ಚಾಗಿ ಬಂದವು, ಕಂಪ್ಯೂಟರಿನಲ್ಲಿ ತುಂಬಬೇಕಾದ ಅಂಕಣಗಳೂ ಬಂದವು. ಸಭೆಯಲ್ಲಿ ಹೇಳಿದ ಮಾತು ಅಂಕಣಕ್ಕೆ ಇಳಿಯುವಾಗ ಏನಾಗುತ್ತದೆ ಎಂಬುದೇ ಮುಂದಿನ ಕ್ಷೇತ್ರಕಾರ್ಯಕ್ಕೆ ತಕ್ಕ ವಸ್ತು. ‘ಬೇಸಿಗೆಯಲ್ಲಿ ನಮ್ಮ ಕೇರಿಯ ಕೊಳಾಯಿಗೆ ನೀರು ಕೊನೆಗೆ ಬರುತ್ತದೆ’ ಎಂಬ ದೂರು ‘ಕುಡಿಯುವ ನೀರು: ಪೈಪ್‌ಲೈನ್ ವಿಸ್ತರಣೆ’ ಎಂದಾದಾಗ ಅದರೊಳಗಿನ ‘ಕೊನೆಗೆ’ ಎಂಬ ಮಾತು ಬಿಟ್ಟುಹೋಗುತ್ತದೆ. ಅಂಗಳದಲ್ಲಿ ಬಿಡಿಸಿದ ರಂಗೋಲಿಯ ನಕಾಶೆಯಾದರೋ ಸಂಜೆ ದನಗಳು ಮೇವು ಮುಗಿಸಿ ಬರುವ ಹೊತ್ತಿಗೆ ಅಳಿಸಿರುತ್ತದೆ. ಅದರ ಪ್ರತಿಯನ್ನು ಕಾಗದಕ್ಕೆ ಇಳಿಸಿಕೊಂಡವರು ಮೂಲವನ್ನು ಕಚೇರಿಗೆ ಒಯ್ದು ಊರಿಗೊಂದು ಪ್ರತಿ ಬಿಟ್ಟುಬಂದರೇ ಇಲ್ಲವೇ ಎಂಬುದನ್ನು ಪ್ರತಿ ಊರಿನಲ್ಲೂ ಕೇಳಿಯೇ ತಿಳಿಯಬೇಕು.