ಕದ್ದಾಲಿಕೆಯಿಂದ ಜೆರಾಕ್ಸ್ ಅಂಗಡಿಯವರೆಗೆ

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿಯಿಂದ ಇಳಿಯಬೇಕಾಗಿ ಬಂದದ್ದು ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ. ಮನೆಯಲ್ಲಿ ಫೋನೇ ಇಲ್ಲದ ಬಹುಪಾಲು ಜನರಿಗೆ ಆಗ ಅದು ದೊಡ್ಡವರ ಜಗಳ. ಕದ್ದಾಲಿಕೆಯ ಅಧಿಕಾರ ಸರ್ಕಾರದ ಕೈಗೆ ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆಯಿಂದ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಅದಕ್ಕೆ ಮೂಗುದಾರ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶದ ಆಯುಸ್ಸು 2 ತಿಂಗಳು, ಮುಂದುವರಿಸಿದರೂ ಒಟ್ಟು 6 ತಿಂಗಳು ಮೀರಬಾರದು. ಆದರೆ ನ್ಯಾಯಾಧೀಶರ ಮುಂಚಿನ ಒಪ್ಪಿಗೆ ಬೇಕೆಂದು ಕೋರ್ಟು ಹೇಳಲಿಲ್ಲ. ಆ ಕೊರತೆ ಇಂದಿಗೂ ತುಂಬಿಲ್ಲ, ಅದು ನನ್ನನ್ನು ಚುಚ್ಚುತ್ತಲೇ ಇದೆ.

ಖಾಸಗಿತನದ ಹಾದಿಯಲ್ಲಿ ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ವಯಸ್ಸು 86. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಅದು ಮೂಲಭೂತ ಹಕ್ಕೇ. ಇಂದು ಈ ವಿಷಯದ ಯಾವ ಮೊಕದ್ದಮೆ ನಡೆದರೂ ಅವರ ಹೆಸರು ಬರದೆ ಇರದು.

ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಷ್ಟೂ ಕಾಲ ಫೋನು ನಮ್ಮ ಜೇಬಿನಲ್ಲಿ ಬದಲಾಗುತ್ತಿತ್ತು. ಮೊದಲೆಲ್ಲ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಬೇಕೆಂದರೆ ಅದು ಕೇಳಿದ್ದಕ್ಕೆಲ್ಲ ಒಟ್ಟಿಗೆ ಹೂಂ ಅನ್ನಬೇಕಿತ್ತು. 2015ರ ಆರನೇ ಆವೃತ್ತಿಯಿಂದ ಕ್ಯಾಮೆರಾ, ಮೈಕ್, ಲೊಕೇಶನ್‌ಗೆ ಬೇರೆಬೇರೆಯಾಗಿ ಕೇಳತೊಡಗಿತು. 2020ರ ಹೊತ್ತಿಗೆ ‘ಈ ಬಾರಿ ಮಾತ್ರ’ ಎನ್ನುವ ಆಯ್ಕೆಯೂ ಬಂತು. 2016ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಎಲ್ಲ ಸಂದೇಶಗಳಿಗೂ ಬೀಗ ಹಾಕಿತು. ಕಳಿಸಿದವರು, ಪಡೆದವರ ಫೋನುಗಳಲ್ಲಿ ಬಿಟ್ಟು ನಡುವೆ ಯಾರೂ ಓದಲಾಗದು. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದರು ಎಂಬುದು ಆ ಬೀಗದ ಹೊರಗೇ ಉಳಿಯಿತು. ಬ್ಯಾಕಪ್‌ಗೂ ಬೀಗ ಹಾಕುವ ಸೌಲಭ್ಯ 2021ರಲ್ಲಿ ಬಂತು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನಾವೇ ಆನ್ ಮಾಡಬೇಕು, ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಕಂಪನಿಗಳನ್ನು ಕಟ್ಟಿಹಾಕುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರ್‌ನಲ್ಲಿ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸರ್ಕಾರಕ್ಕೆ ಕೊಟ್ಟಿರುವ ವಿನಾಯಿತಿ ಮಾತ್ರ ವಿಪರೀತ ದೊಡ್ಡದು. ಪುಟ್ಟಸ್ವಾಮಿಯವರು ಗೆದ್ದುಕೊಟ್ಟದ್ದನ್ನು ಇದು ಸವೆಸುತ್ತದೆ ಎಂದೇ ನನ್ನ ಭಾವನೆ. ಅದೇ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಮಾತೂ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶ ಕೊಡಲೇಬೇಕು. ಓದಲಾಗದ ಇಂಗ್ಲಿಷಿನ ಕೆಳಗೆ ಒತ್ತಿಸಿಕೊಂಡ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಇಷ್ಟೆಲ್ಲ ಆದಮೇಲೂ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಗೋಡೆಗೆ ಅಂಟಿಸಿದ ನಂಬರಿಗೆ ಆಧಾರ್ ಫೋಟೊ ವಾಟ್ಸ್ಆ್ಯಪ್ ಮಾಡಿ, ಪ್ರಿಂಟ್ ಎತ್ತಿಕೊಂಡು, ಐದು ರೂಪಾಯಿ ಕೊಟ್ಟು ಬರುತ್ತೇವೆ. ಫೋಟೊ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆಧಾರ್‌ನ ಜಾಲತಾಣದಲ್ಲಿ ಮೊದಲ 8 ಅಂಕಿ ಮುಚ್ಚಿದ ಪ್ರತಿ ಪುಕ್ಕಟೆ ಸಿಗುತ್ತದೆ. ಮುಂದಿನ ಸಲ ಅದನ್ನೇ ಕಳಿಸಿ, ಪ್ರಿಂಟ್ ಕೈಗೆ ಬಂದೊಡನೆ ಅಂಗಡಿಯವರಿಗೆ ಹೇಳಿ: ‘ಅಣ್ಣಾ, ನನ್ನೆದುರೇ ಡಿಲೀಟ್ ಮಾಡಿಬಿಡಿ.’